ಘೋರಾಡೇಶ್ವರದ ಮೇಲಿಂದ ಕಂಡ ಆಟ

ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದರೆ ದೇಹುರೋಡ್ ಆದ ಮೇಲೆ ಬೇಗಡೇವಾಡಿ ಅಂತ ಒಂದು ಸಣ್ಣ ಸ್ಟೇಶನ್ ಬರುತ್ತದೆ. ಅಲ್ಲಿಳಿದು ಹಳೇ ಮುಂಬಯಿ ಹೆದ್ದಾರಿಯ ಕಡೆ ನಡೆದರೆ ಎದುರಿಗೇ ಘೋರಾಡೇಶ್ವರದ ಗುಡ್ಡ. ಬೌದ್ಧ ಭಿಕ್ಷುಗಳು ಕೊರೆದ ಗುಹೆಗಳು ಅಲ್ಲಿವೆ. ಅವುಗಳಲ್ಲಿ ಒಂದರಲ್ಲಿ ಈಗ ಶಿವಲಿಂಗವಿದೆ. ಮಹಾಶಿವರಾತ್ರಿಗೆ ಜಾತ್ರೆಯ ಹಾಗೆ ಜನ ಸೇರುತ್ತಾರೆ. ಉಳಿದ ದಿನಗಳಲ್ಲಿ ಬೆಳಗಿನ ವಾಕಿಂಗಿನವರು, ಕಾಲೇಜು ಹುಡುಗರು, ಭಾನುವಾರ ನಮ್ಮಂಥ ಐಟಿಯವರು.

2025ರ ಸೆಪ್ಟೆಂಬರಿನ ಒಂದು ಭಾನುವಾರ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹತ್ತಿದೆ. ಅವನಿಗೆ ಇಪ್ಪತ್ತಾರು. ಗದಗದಿಂದ ಬಂದು ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹಿಂದಿನ ವಾರ ಚಿಕ್ಕಪ್ಪ ಫೋನ್ ಮಾಡಿದ್ದರು. ‘ಮೂರು ತಿಂಗಳಾತು, ರೊಕ್ಕಾ ಕಳಿಸಿಲ್ಲ. ಫೋನ್ ಎತ್ತೂದಿಲ್ಲ. ಹುಡುಗಿ ಗಿಡುಗಿ ಏನರ ಐತೇನಪಾ?’ ಹುಡುಗಿ ಇದ್ದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಇದ್ದದ್ದು ಫೋನು. ಹಗಲು ಹೊತ್ತು ಕ್ರಿಕೆಟ್ಟು, ರಾತ್ರಿಪಾಳಿ ಮುಗಿದ ಮೇಲೆ ಅಂದರ್-ಬಾಹರ್. ಕೈಸಾಲ, ಕ್ರೆಡಿಟ್ ಕಾರ್ಡು, ಸಾಲದ ಆ್ಯಪು ಎಲ್ಲ ಸೇರಿ ಮೂರು ಲಕ್ಷ ದಾಟಿತ್ತು.

ಬುದ್ಧಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಹೇಳುವ ಅರ್ಹತೆಯೂ ಇರಲಿಲ್ಲ. ಅದಕ್ಕೇ ಗುಡ್ಡಕ್ಕೆ ಕರೆದೆ.

ಮಳೆ ಹಿಡಿದಿರಲಿಲ್ಲ, ಆದರೆ ಮೆಟ್ಟಿಲೆಲ್ಲ ಜಾರುತ್ತಿದ್ದವು. ಗುಹೆಯ ಬಾಗಿಲಲ್ಲಿ ಕೈಮುಗಿದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗಿ ಒಂದು ಬಂಡೆಯ ಮೇಲೆ ಕೂತೆವು. ಕೆಳಗೆ ಹಳೇ ಹೆದ್ದಾರಿಯ ಲಾರಿಗಳು. ಆ ಕಡೆ ನೋಡಿದರೆ ಎಕ್ಸ್‌ಪ್ರೆಸ್ ವೇ, ಅದರ ಬದಿಗೆ ಹಸಿರಿನ ನಡುವೆ ದೊಡ್ಡ ಬೋಗುಣಿಯಂತೆ ಗಹುಂಜೆಯ ಕ್ರಿಕೆಟ್ ಸ್ಟೇಡಿಯಂ. 2012ರಲ್ಲಿ ಶುರುವಾದದ್ದು, ಸುಮಾರು 37 ಸಾವಿರ ಜನ ಹಿಡಿಸುತ್ತದೆ.

‘ಇಲ್ಲಿಂದ ಮ್ಯಾಚ್ ಕಾಣ್ತದಲ್ಲೋ ಅಣ್ಣಾ’ ಎಂದ.

‘ಬರಿಗಣ್ಣಿಗೆ ಅಲ್ಲ. ದುರ್ಬೀನು ಬೇಕು. ತಂದಿದ್ದರು’ ಎಂದೆ.

2021ರ ಮಾರ್ಚ್ ನಿಮಗೂ ನೆನಪಿರಬಹುದು. ಕೊರೊನಾದ ಎರಡನೇ ಅಲೆ ಏಳುತ್ತಿದ್ದ ಹೊತ್ತು, ಮಹಾರಾಷ್ಟ್ರದಲ್ಲಿ ಎಲ್ಲರಿಗಿಂತ ಜೋರು. ಭಾರತ-ಇಂಗ್ಲೆಂಡ್ ನಡುವಿನ ಮೂರು ಒಂದು ದಿನದ ಪಂದ್ಯಗಳೂ ಗಹುಂಜೆಯಲ್ಲೇ ನಡೆದವು, ಖಾಲಿ ಸ್ಟೇಡಿಯಮ್ಮಿನಲ್ಲಿ. ನಮ್ಮ ಕರ್ನಾಟಕದವರಿಗೆ ಅದು ಹಬ್ಬ. 23ನೇ ತಾರೀಕು ಪ್ರಸಿದ್ಧ ಕೃಷ್ಣ ಮೊದಲ ಬಾರಿಗೆ ಆಡಿ ನಾಲ್ಕು ವಿಕೆಟ್ ಕಿತ್ತ. 26ರಂದು ಕೆ.ಎಲ್. ರಾಹುಲ್ 108 ಹೊಡೆದ. ನಮ್ಮ ಮನೆ ರಾವೇತ್‌ನಲ್ಲಿ, ಎಂಟನೇ ಮಹಡಿ. ಗ್ಯಾಲರಿಯಲ್ಲಿ ನಿಂತರೆ ಸ್ಟೇಡಿಯಮ್ಮಿನ ದೀಪದ ಕಂಬಗಳು ಕಾಣುತ್ತವೆ. ದೀಪ ಕಾಣುತ್ತಿದ್ದರೂ ಆಟವನ್ನು ನಾನು ನೋಡುತ್ತಿದ್ದದ್ದು ಟಿವಿಯಲ್ಲಿ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕೈಯಲ್ಲಿ ಫೋನು, ಫೋನಿನಲ್ಲಿ ಪರಿಚಯದವನೊಬ್ಬ ಕೊಟ್ಟ ‘ಐಡಿ’.

ಲಾಕ್‌ಡೌನಿನಲ್ಲಿ ಶುರುವಾದದ್ದು. ಮೊದಲು ಐನೂರು, ಆಮೇಲೆ ಸಾವಿರ. ಯಾರು ಗೆಲ್ಲುತ್ತಾರೆ ಅಂತ ಕಟ್ಟುವುದು ನಿಧಾನದ ಕೆಲಸ. ಚಟ ಹಿಡಿಸುವುದು ‘ಸೆಷನ್’. ಮುಂದಿನ ಆರು ಓವರಿನಲ್ಲಿ ಎಷ್ಟು ರನ್ನು? ಈ ಓವರಿನಲ್ಲಿ ಎಷ್ಟು? ಭಾವು ಪ್ರತಿ ಎಸೆತಕ್ಕೂ ಏರುತ್ತದೆ, ಇಳಿಯುತ್ತದೆ. ಕಟ್ಟುವುದಕ್ಕೆ ಲಗಾಯಿ, ತಿನ್ನುವುದಕ್ಕೆ ಖಾಯಿ. ಆ ಸಂಜೆ ಇಂಗ್ಲೆಂಡ್ 337ರ ಗುರಿಯನ್ನು 43.3 ಓವರಿನಲ್ಲೇ ಮುಟ್ಟಿತು. ಬೆಯರ್‌ಸ್ಟೋ 124. ಸ್ಟೋಕ್ಸ್ ಹತ್ತು ಸಿಕ್ಸ್ ಬಾರಿಸಿ 52 ಎಸೆತಕ್ಕೆ 99. ‘ಈಗ ಔಟಾಗ್ತಾನೆ, ಈಗ ಔಟಾಗ್ತಾನೆ’ ಅಂತ ನಾನು ಕಟ್ಟುತ್ತಲೇ ಹೋದೆ. ಒಂದು ವಿಚಿತ್ರ ಮಾತ್ರ ಕಣ್ಣಿಗೆ ಬಿದ್ದಿತ್ತು. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಫೋನಿನಲ್ಲಿ ಭಾವು ಅಲುಗಾಡುತ್ತಿತ್ತು, ಕೆಲವೊಮ್ಮೆ ಮುಚ್ಚಿಹೋಗುತ್ತಿತ್ತು. ಮರುಕ್ಷಣ ಟಿವಿಯಲ್ಲಿ ಸಿಕ್ಸ್. ನೆಟ್‌ವರ್ಕ್ ತೊಂದರೆ ಅಂದುಕೊಂಡೆ. ಆ ರಾತ್ರಿ ಹೋದದ್ದು 38 ಸಾವಿರ.

ಮರುದಿನದ ಸುದ್ದಿ ಓದಿ ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಪಿಂಪ್ರಿ-ಚಿಂಚವಾಡ ಪೊಲೀಸರು ಬೆಟ್ಟಿಂಗ್ ಆರೋಪದ ಮೇಲೆ 33 ಜನರನ್ನು ಹಿಡಿದಿದ್ದರು. ಪೊಲೀಸರು ಹೇಳಿದ ಪ್ರಕಾರ ಅವರಲ್ಲಿ ಕೆಲವರು ಸ್ಟೇಡಿಯಮ್ಮಿನ ಹತ್ತಿರದ ಎತ್ತರದ ಕಟ್ಟಡದಿಂದ, ಇನ್ನು ಕೆಲವರು ಈ ಘೋರಾಡೇಶ್ವರದ ಗುಡ್ಡದಿಂದ, ದುರ್ಬೀನು, ಕ್ಯಾಮರಾ ಇಟ್ಟುಕೊಂಡು ಆಟ ನೋಡುತ್ತಿದ್ದರು. ಸುಮಾರು 45 ಲಕ್ಷ ರೂಪಾಯಿ ನಗದು, ಎಪ್ಪತ್ತಕ್ಕೂ ಹೆಚ್ಚು ಮೊಬೈಲು ಸಿಕ್ಕಿದ್ದವು. ಬೇರೆ ಬೇರೆ ರಾಜ್ಯಗಳಿಂದ ಬಂದವರಿದ್ದರು.

ಪ್ರೇಕ್ಷಕರೇ ಇಲ್ಲದ ಪಂದ್ಯ ನೋಡಲು ಅಷ್ಟು ದೂರದಿಂದ ಬಂದದ್ದು ಯಾಕೆ? ಕೆಲವೇ ಸೆಕೆಂಡುಗಳಿಗಾಗಿ. ಮೈದಾನದಲ್ಲಿ ಬಿದ್ದ ಚೆಂಡು ನಮ್ಮ ಮನೆಯ ಟಿವಿಗೆ ನೇರ ಬರುವುದಿಲ್ಲ. ಕ್ಯಾಮರಾದಿಂದ ವ್ಯಾನಿಗೆ, ಅಲ್ಲಿಂದ ಉಪಗ್ರಹಕ್ಕೆ, ಮತ್ತೆ ಕೆಳಗಿಳಿದು ಚಾನೆಲ್ಲಿಗೆ, ಆಮೇಲೆ ಡಿಶ್ಶಿಗೋ ಕೇಬಲ್ಲಿಗೋ. ಫೋನಿನ ಆ್ಯಪಿನಲ್ಲಾದರೆ ಇನ್ನೂ ತಡ. ಪ್ರೇಕ್ಷಕರು ತುಂಬಿದ ಪಂದ್ಯವಿದ್ದಾಗ ಗಹುಂಜೆಯ ಹತ್ತಿರದ ಮನೆಗಳಲ್ಲಿ ಇದು ತಮಾಷೆಯ ವಿಷಯ. ಕಿಟಕಿಯಿಂದ ‘ಹೋ’ ಅಂತ ಕೂಗು ಕೇಳುತ್ತದೆ, ಆಮೇಲೆ ಟಿವಿಯಲ್ಲಿ ವಿಕೆಟ್ ಬೀಳುತ್ತದೆ. ಆ ಮಾರ್ಚಿನಲ್ಲಿ ಕೂಗುವವರೇ ಇರಲಿಲ್ಲ. ಹೀಗಾಗಿ ನನಗೆ ಸುಳಿವು ಸಿಗಲಿಲ್ಲ. ಗುಡ್ಡದ ಮೇಲಿದ್ದವನಿಗೆ ಸಿಕ್ಕಿತ್ತು. ಅವನು ಫೋನಿನಲ್ಲಿ ‘ಸಿಕ್ಸ್’ ಅನ್ನುವಷ್ಟರಲ್ಲಿ ಭಾವು ಬದಲಾಗಬಹುದು. ನಾನು ಮಾತ್ರ ಆಗಿ ಹೋದದ್ದರ ಮೇಲೆ, ಆಗಲಿದೆ ಅಂತ ತಿಳಿದು ದುಡ್ಡು ಕಟ್ಟುತ್ತಿದ್ದೆ.

ನನ್ನ ದುಡ್ಡು ಇದೇ ಜನರ ಕೈಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಅದು ಯಾರಿಗೆ ಹೋಯಿತೋ ದೇವರಿಗೇ ಗೊತ್ತು. ಆದರೆ ಅಂದು ನನಗೊಂದು ಹೊಳೆಯಿತು. ಈ ಆಟದಲ್ಲಿ ಜೂಜಾಡುವವನು ಒಬ್ಬನೇ, ಮನೆಯಲ್ಲಿ ಕೂತವನು. ಉಳಿದವರೆಲ್ಲ ದುಡಿಯುತ್ತಿದ್ದಾರೆ.

ನಮ್ಮೂರಲ್ಲಿ ಪಂಥ ಕಟ್ಟುವುದು ಇರಲಿಲ್ಲವೇ? ಇತ್ತು. ಉತ್ತರ ಕರ್ನಾಟಕದವರಿಗೆ ನಾಗರಪಂಚಮಿ ಅಂದರೆ ಜೋಕಾಲಿ, ಉಂಡಿ, ಜೊತೆಗೆ ಗಂಡಸರ ಪಂಥ. ಇಲ್ಲಿಂದ ಬಸವಣ್ಣನ ಗುಡಿಯತನಕ ಇಷ್ಟು ಎಸೆತದಲ್ಲಿ ನಿಂಬೆಹಣ್ಣು ಮುಟ್ಟಿಸಬೇಕು. ಅಪ್ಪನೂ ಚಿಕ್ಕಪ್ಪನೂ ಎದುರುಬದರು ಕಟ್ಟುತ್ತಿದ್ದರು. ಇಡೀ ಓಣಿ ನಿಂಬೆಹಣ್ಣಿನ ಹಿಂದೆ ಓಡುತ್ತಿತ್ತು. ಅದು ಎಲ್ಲಿ ಬಿತ್ತು ಅಂತ ಎಲ್ಲರೂ ಒಂದೇ ಹೊತ್ತಿಗೆ ನೋಡುತ್ತಿದ್ದರು. ಸೋತವನು ಯಾರ ಕೈಗೆ ದುಡ್ಡು ಕೊಟ್ಟ ಅಂತಲೂ ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಒಳ್ಳೆಯದು ಅನ್ನುತ್ತಿಲ್ಲ, ಅದರಲ್ಲೂ ಎತ್ತು ಮಾರಿದವರಿದ್ದಾರೆ. ಆದರೆ ಅಲ್ಲಿ ಗುಡ್ಡದ ಮೇಲೆ ಯಾರೂ ಕೂತಿರಲಿಲ್ಲ.

ತಮ್ಮ ಅಡ್ಡಬಂದ. ‘ಕ್ರಿಕೆಟ್ ಬಿಡು. ಅಂದರ್-ಬಾಹರ್‌ನಾಗ ಹಂಗ ಆಗೂದಿಲ್ಲಲಾ. ಎಲಿ ಹಾಕೂದು ಕಣ್ಣ ಮುಂದನ ಕಾಣ್ತೈತಿ. ಫಿಫ್ಟಿ-ಫಿಫ್ಟಿ.’

ಅದನ್ನೂ ನಾನು ಲೆಕ್ಕ ಹಾಕಿಟ್ಟಿದ್ದೆ. ಆಟ ನಿಮಗೆ ಗೊತ್ತು. ನಡುವೆ ಒಂದು ಎಲೆ ತೆರೆದಿಡುತ್ತಾರೆ. ಆಮೇಲೆ ಒಳಗೊಂದು, ಹೊರಗೊಂದು ಹಾಕುತ್ತ ಹೋಗುತ್ತಾರೆ. ನಡುವಿನ ಎಲೆಯ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲುವು. ನೋಡಲು ಸರಿಸಮ. ಆದರೆ ಉಳಿದ 51 ಎಲೆಗಳಲ್ಲಿ ಜೋಡಿ ಎಲೆ ಮೂರು. ಮೊದಲು ಎಲೆ ಬೀಳುವ ಕಡೆಗೆ ನೂರಕ್ಕೆ 51.5 ಸಲ ಗೆಲುವು, ಇನ್ನೊಂದು ಕಡೆಗೆ 48.5. ಇದು ಕ್ಯಾಸಿನೊದವನಿಗೂ ಗೊತ್ತು. ಅವನು ಸಾಮಾನ್ಯವಾಗಿ ಹೆಚ್ಚು ಗೆಲ್ಲುವ ಕಡೆಗೆ ನೂರಕ್ಕೆ ತೊಂಬತ್ತು ಕೊಡುತ್ತಾನೆ, ಕಡಿಮೆ ಗೆಲ್ಲುವ ಕಡೆಗೆ ನೂರಕ್ಕೆ ನೂರು. ಗುಣಿಸಿ ನೋಡಿ. ಒಂದು ಕಡೆ ಕಟ್ಟಿದರೆ ಪ್ರತಿ ನೂರಕ್ಕೆ ಸುಮಾರು ಎರಡು ರೂಪಾಯಿ ಹದಿನೈದು ಪೈಸೆ ಹೋಗುತ್ತದೆ, ಇನ್ನೊಂದು ಕಡೆ ಕಟ್ಟಿದರೆ ಮೂರು ರೂಪಾಯಿ. ಒಂದು ಆಟಕ್ಕೆ ಎರಡು-ಮೂರು ರೂಪಾಯಿ ಏನು ಮಹಾ ಅನಿಸುತ್ತದೆ. ಆದರೆ ಫೋನಿನಲ್ಲಿ ಒಂದು ಆಟ ಅರ್ಧ ನಿಮಿಷದ್ದು. ರಾತ್ರಿ ಎರಡು ತಾಸು ಕೂತರೆ ಇನ್ನೂರಕ್ಕೂ ಹೆಚ್ಚು ಆಟ. ನೂರು ನೂರು ಕಟ್ಟಿದವನು ಒಟ್ಟು ಇಪ್ಪತ್ತು ಸಾವಿರ ಕಟ್ಟಿರುತ್ತಾನೆ. ಅದರಲ್ಲಿ ಸರಾಸರಿ ನಾನೂರರಿಂದ ಆರುನೂರು ರೂಪಾಯಿ ಅವರಿಗೆ ಸೇರಿತು. ಎಲೆಯಲ್ಲಿ ಯಾವ ಮೋಸವೂ ಇಲ್ಲದಿದ್ದರೆ ಇಷ್ಟು.

‘ಇಷ್ಟ ಅಂದ್ರ, ನಾ ಅಷ್ಟೊಂದು ಹೆಂಗ ಕಳಕೊಂಡೆ?’ ಎಂದ ತಮ್ಮ.

‘ನೀನು ನೂರಕ್ಕ ನಿಂತ್ಯಾ? ಹೋದದ್ದನ್ನ ತರಲಿಕ್ಕೆ ಐದು ಸಾವಿರ ಕಟ್ಟಿದಿ.’

ಸುಮ್ಮನಾದ.

ಆ ಮಾರ್ಚಿನಲ್ಲೇ ಇನ್ನೊಂದು ಪಂಥದಲ್ಲೂ ನಾನಿದ್ದೆ. ನನ್ನ ಕೆಲಸ ಹಿಂಜೇವಾಡಿಯಲ್ಲಿ, ಅಮೆರಿಕದ ಗಿರಾಕಿಗಳಿಗೆ. ಅವರಿಗೆ ಮಾರ್ಚ್ ಬಂತೆಂದರೆ ಕಾಲೇಜು ಬಾಸ್ಕೆಟ್‌ಬಾಲಿನ ಹುಚ್ಚು. ಅರವತ್ತನಾಲ್ಕು ಕಾಲೇಜು ತಂಡಗಳ ಕೋಷ್ಟಕ, 63 ಪಂದ್ಯ. ಯಾವುದರಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲ ಪಂದ್ಯಕ್ಕಿಂತ ಮುಂಚೆಯೇ ತುಂಬಿ ಕೊಡಬೇಕು. ನಾಣ್ಯ ಚಿಮ್ಮಿ ತುಂಬಿದರೆ ಎಲ್ಲವೂ ಸರಿಯಾಗುವ ಸಾಧ್ಯತೆ ಒಂಬತ್ತರ ಮುಂದೆ ಹದಿನೆಂಟು ಸೊನ್ನೆ ಇಟ್ಟಷ್ಟರಲ್ಲಿ ಒಂದು. ನಮ್ಮ ಪುಣೆ ತಂಡಕ್ಕೂ ಕೋಷ್ಟಕ ಕಳಿಸಿದ್ದರು, ದುಡ್ಡಿಲ್ಲದೆ, ಗೆದ್ದವರಿಗೆ ಒಂದು ಟೀ ಶರ್ಟು. ಆ ಆಟದ ಗಂಧಗಾಳಿ ಗೊತ್ತಿಲ್ಲದ ನಾನು ಗೊನ್ಜಾಗ ಅನ್ನುವ ಕಾಲೇಜಿಗೆ ಕಪ್ಪು ಕೊಟ್ಟಿದ್ದೆ. ಆ ತಂಡ ಒಂದೂ ಸೋಲದೆ ಫೈನಲ್ ಮುಟ್ಟಿ, ಅಲ್ಲಿ ಬೇಲರ್ ಎದುರು 86-70ರಿಂದ ಸೋತಿತು. ಟೀ ಶರ್ಟು ಹೋಯಿತು, ಬೇಸರವಾಗಲಿಲ್ಲ. ನಮ್ಮ ನಿಂಬೆಹಣ್ಣಿನ ಹಾಗೇ ಅದು. ಎಲ್ಲರೂ ಮೊದಲೇ ಬರೆದುಕೊಟ್ಟು, ಒಟ್ಟಿಗೇ ಕಾದವರು.

ದುಡ್ಡು ಬಂದ ಕಡೆ ಅಲ್ಲೂ ಗುಡ್ಡ ಹತ್ತುವವರಿದ್ದರು. ಬಾಸ್ಕೆಟ್‌ಬಾಲಿನಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದಷ್ಟೇ ಅಲ್ಲ, ಎಷ್ಟು ಅಂಕದ ಅಂತರದಿಂದ ಅನ್ನುವುದರ ಮೇಲೂ ಕಟ್ಟುತ್ತಾರೆ. ಅಲ್ಲಿಯ ರೂಢಿಯ ಪ್ರಕಾರ ನೂರು ಡಾಲರ್ ಗೆಲ್ಲಲು ನೂರಾಹತ್ತು ಕಟ್ಟಬೇಕು. ಅಂದರೆ ನೂರರಲ್ಲಿ ಐವತ್ತೆರಡಕ್ಕಿಂತ ಹೆಚ್ಚು ಸಲ ಸರಿ ಹೇಳಿದರೆ ಮಾತ್ರ ಕೈಗಂಟು ಉಳಿದೀತು. 1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಅಲ್ಲಿಯ ಎರಡು ದೊಡ್ಡ ಪಂದ್ಯಾವಳಿಗಳನ್ನೂ ಒಂದೇ ವರ್ಷ ಗೆದ್ದು ಹೆಸರಾಯಿತು. ಮರುವರ್ಷ ಅದೇ ತಂಡದ ಹುಡುಗರು ಅರೆಸ್ಟಾದರು. ಜೂಜಿನ ದಲ್ಲಾಳಿಗಳು ಅವರಿಗೆ ದುಡ್ಡು ಕೊಟ್ಟಿದ್ದರು, ಅಂತರ ಕಾಯಲಿಕ್ಕೆ. ಆಟಗಾರನ ಮನಸ್ಸಿಗೂ ಇಷ್ಟೇ ಸಮಾಧಾನ, ನಾವೇನು ಸೋಲುತ್ತಿಲ್ಲವಲ್ಲ ಅಂತ. ಸೋಲುವವನು ಎಲ್ಲೋ ರೇಡಿಯೊ ಮುಂದೆ ಕೂತಿದ್ದ.

ನಮ್ಮ ಕಡೆಯ ಮಟ್ಕಾದ ಮೂಲವೂ ದೂರದ ಸುದ್ದಿಯೇ. ಮುಂಬಯಿಯಲ್ಲಿ ನ್ಯೂಯಾರ್ಕಿನ ಹತ್ತಿ ಪೇಟೆಯ ಧಾರಣೆ ಟೆಲಿಪ್ರಿಂಟರಿನಲ್ಲಿ ಬರುತ್ತಿತ್ತು. ಅದರ ಓಪನ್, ಕ್ಲೋಸ್ ಅಂಕಿಗಳ ಮೇಲೆ ಜನ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವುದು ಬಂತು. ಗದಗಿನ ಹತ್ತಿ ಬೆಳೆದವನು ನ್ಯೂಯಾರ್ಕಿನ ಹತ್ತಿಯ ನಂಬರಿನಿಂದ ಹುಟ್ಟಿದ ಆಟದಲ್ಲಿ ಹತ್ತಿಯ ದುಡ್ಡನ್ನೇ ಕಳೆದ. ‘ಓಸಿ’ ಅಂತ ನಮ್ಮೂರ ಪಾನ್ ಅಂಗಡಿಯಲ್ಲಿ ಹೇಳುತ್ತಿದ್ದದ್ದು ಈ ಓಪನ್-ಕ್ಲೋಸನ್ನೇ.

ಇದಕ್ಕೆಲ್ಲ ಕಾನೂನು ಇಲ್ಲ ಅಂತೇನಲ್ಲ. ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುವುದು 1887ರ ಜೂಜು ತಡೆ ಕಾಯ್ದೆ. ಆದರೆ ಪುಣೆ ಕ್ಯಾಂಪಿನ ರೇಸ್‌ಕೋರ್ಸಿನಲ್ಲಿ ಮಳೆಗಾಲವಿಡೀ ಕುದುರೆ ಓಡುತ್ತವೆ, ಬಾಜಿ ಕಾನೂನುಬದ್ಧವಾಗಿಯೇ ನಡೆಯುತ್ತದೆ. ಜೂಜು ವ್ಯಾಪಾರವೇ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ 1957ರ ಹೆಸರಾಂತ ಮೊಕದ್ದಮೆಗೆ ಕಾರಣವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಪದಬಂಧದ ಬಹುಮಾನ ಸ್ಪರ್ಧೆ. ಅದು ಮುಂಬಯಿ ರಾಜ್ಯದಲ್ಲೂ ಬಹಳ ಓಡುತ್ತಿತ್ತು. ಋಗ್ವೇದದ ಜೂಜುಗಾರನನ್ನೂ ಮಹಾಭಾರತವನ್ನೂ ಆ ತೀರ್ಪು ನೆನೆಯುತ್ತದೆ. ಮುಂದೆ 1968ರಲ್ಲಿ ರಮ್ಮಿ, 1996ರಲ್ಲಿ ಕುದುರೆ ರೇಸು ಕೌಶಲದ ಆಟಗಳೆನಿಸಿದವು. ಹೀಗೆ ಬಹಳ ಕಾಲ ಕೋರ್ಟುಗಳ ಮುಂದಿದ್ದ ಪ್ರಶ್ನೆ ಒಂದೇ: ಇದು ಕೌಶಲವೋ, ಅದೃಷ್ಟವೋ? 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಹೊಸ ಕಾಯ್ದೆ ಆ ಪ್ರಶ್ನೆಯನ್ನೇ ಬದಿಗಿಟ್ಟು, ಎರಡರಲ್ಲಿ ಯಾವುದಾದರೂ ಸರಿ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಕೂಡದು ಎಂದಿತು. ದೊಡ್ಡ ಆ್ಯಪುಗಳು ದುಡ್ಡಿನ ಆಟ ನಿಲ್ಲಿಸಿದವು. ತಮ್ಮನ ‘ಐಡಿ’ ಮಾತ್ರ ನಿಂತಿರಲಿಲ್ಲ. ಅದು ಮೊದಲಿನಿಂದಲೂ ಕಾನೂನಿನ ಹೊರಗೇ ಇದ್ದದ್ದು.

ಗುಡ್ಡದ ಮೇಲೆ ಕೂತು ನನಗನಿಸಿದ್ದು ಇಷ್ಟು. ಮನೆಯಲ್ಲಿ ಕೂತವನು ತನಗೆ ಕೌಶಲವಿದೆ ಅಂದುಕೊಳ್ಳುತ್ತಾನೆ. ಸೋತ ದಿನ ಅದೃಷ್ಟವಿರಲಿಲ್ಲ ಅನ್ನುತ್ತಾನೆ. ಇನ್ನೊಬ್ಬ ತನಗಿಂತ ಮೊದಲೇ ನೋಡಿರಬಹುದು, ಲೆಕ್ಕವನ್ನು ಮೊದಲೇ ಹಾಕಿಟ್ಟಿರಬಹುದು ಅಂತ ಮಾತ್ರ ಅವನಿಗೆ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಇಷ್ಟೆಲ್ಲ ಹೇಳಿ ಮುಗಿಸಿ ತಮ್ಮನ ಮುಖ ನೋಡಿದೆ. ಅವನು ಸ್ಟೇಡಿಯಮ್ಮನ್ನೇ ನೋಡುತ್ತಿದ್ದ. ನಿಧಾನವಾಗಿ ಹೇಳಿದ, ‘ಹಂಗಾರ ಅಣ್ಣಾ, ಇಲ್ಲೊಂದ ಜಾಗ ಸಿಕ್ಕಿದ್ರ ಸಾಕಿತ್ತು ಬಿಡು.’

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಸುದ್ದಿ ಓದಿದ ದಿನ ನನಗೂ ಮೊದಲು ಬಂದ ಯೋಚನೆ ಅದೇ. ಮೋಸ ಹೋದೆ ಅಂತಲ್ಲ, ನಮ್ಮ ಗ್ಯಾಲರಿಯಿಂದ ಯಾಕೆ ಕಾಣುವುದಿಲ್ಲ ಅಂತ. ದುರ್ಬೀನಿನ ಬೆಲೆಯನ್ನೂ ನೋಡಿದ್ದೆ. ಅದಾಗಿ ಹತ್ತು ದಿನ ಆಡಿದೆ ಕೂಡ. ಬಿಟ್ಟದ್ದು ಜ್ಞಾನ ಬಂದು ಅಲ್ಲ, ದುಡ್ಡು ಮುಗಿದು. ಮಗಳ ಹೆಸರಿನಲ್ಲಿ ತಿಂಗಳು ತಿಂಗಳು ಕಟ್ಟಿದ್ದ ಆರ್‌ಡಿ ಮುರಿದಿದ್ದೆ. ಒಟ್ಟು ಒಂದು ಲಕ್ಷ ಎಂಬತ್ತು ಸಾವಿರ. ಇದನ್ನೂ ತಮ್ಮನಿಗೆ ಹೇಳಿದೆ.

‘ವೈನಿಗೆ ಹೆಂಗ ಹೇಳಿದಿ?’

‘ಹೇಳಿಲ್ಲ.’

ಅವನು ನನ್ನ ಕಡೆ ತಿರುಗಿದ್ದು ಆಗಲೇ. ಅಲ್ಲಿಯತನಕ ನಾನು ದೊಡ್ಡಪ್ಪನ ಮಗ, ಬುದ್ಧಿ ಹೇಳಲು ಬಂದವನು. ಆಮೇಲೆ ಇಬ್ಬರೂ ಒಂದೇ ಬಂಡೆಯ ಮೇಲೆ ಕೂತವರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ, ‘ನೀ ವೈನಿಗೆ ಹೇಳು, ನಾ ಅಪ್ಪಗ ಹೇಳ್ತೀನಿ.’ ಇದೂ ಒಂದು ಪಂಥವೇ. ಒಪ್ಪಿಕೊಂಡೆ.

ಕೆಳಗಿಳಿದು ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಚಹಾ, ವಡಾಪಾವ್ ತಿಂದೆವು. ಅಲ್ಲೇ ನಿಂತು ಅವನು ಚಿಕ್ಕಪ್ಪನಿಗೆ ಫೋನ್ ಹಚ್ಚಿದ. ಲಾರಿಗಳ ಸದ್ದಿನಲ್ಲಿ ಏನು ಹೇಳಿದನೋ ಕೇಳಲಿಲ್ಲ. ಬಹಳ ಹೊತ್ತು ‘ಹ್ಞೂಂ, ಹ್ಞೂಂ’ ಅನ್ನುತ್ತಿದ್ದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಫೋನನ್ನು ನನ್ನ ಕೈಗಿಟ್ಟ, ಚಿಕ್ಕಪ್ಪ ಇನ್ನೂ ಲೈನಿನಲ್ಲಿದ್ದರು. ‘ಹುಡುಗಿ ಆಗಿದ್ರ ಛಲೋ ಇತ್ತಪಾ’ ಎಂದರು.

ನನ್ನ ಪಾಲಿನ ಪಂಥಕ್ಕೆ ನಾನು ಇನ್ನೂ ಎರಡು ವಾರ ತಗೊಂಡೆ. ಹೇಳಲು ಬಾಯಿ ಬರಲಿಲ್ಲ, ಬರೆದೆ. ಈ ಪತ್ರಿಕೆಗೆ ಕಳಿಸುವ ಮೊದಲು ಇಲ್ಲಿಯತನಕದ್ದನ್ನು ಅವಳ ಮುಂದಿಟ್ಟು ಗ್ಯಾಲರಿಗೆ ಹೋಗಿ ನಿಂತೆ. ಸ್ಟೇಡಿಯಮ್ಮಿನ ದೀಪ ಆರಿದ್ದವು. ಓದಿ ಮುಗಿಸಿ ಅವಳೂ ಬಂದು ನಿಂತಳು.

‘ಒಂದ ಲಕ್ಷ ಎಂಬತ್ತಲ್ರಿ, ಎರಡ ಲಕ್ಷ ಹನ್ನೆರಡ ಸಾವಿರ’ ಎಂದಳು. ‘ಆರ್‌ಡಿ ಮುರಿದ ದಿನಾನ ಬ್ಯಾಂಕಿನ ಮೆಸೇಜು ನನ್ನ ಫೋನಿಗೂ ಬಂದಿತ್ತು.’

‘ನಾಕೂವರೆ ವರ್ಷ ಯಾಕ ಕೇಳಲಿಲ್ಲ?’

‘ನೀವ ಹೇಳ್ತೀರಿ ಅಂತ ಕಾದೆ.’

ಮೇಲೆ ಬರೆದ ಅಂಕಿಯನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ. ನಾಲ್ಕೂವರೆ ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಲೆಕ್ಕ ಅದು. ಸರಿಯಾದ ಲೆಕ್ಕ ಈಗ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿದೆ, ಅವಳ ಅಕ್ಷರದಲ್ಲಿ. ಅದರ ಪಕ್ಕದಲ್ಲಿ ತಮ್ಮನ ಮೂರು ಲಕ್ಷದ ಕಂತುಗಳನ್ನೂ ಬರೆದಿದ್ದಾಳೆ. ಪ್ರತಿ ತಿಂಗಳು ಐದನೇ ತಾರೀಕು ಅವನು ಚಾಕಣ್‌ನಿಂದ ಬರುತ್ತಾನೆ, ಊಟ ಮಾಡುತ್ತಾನೆ, ಕಟ್ಟಿದ ಕಂತಿನ ಮುಂದೆ ಗೆರೆ ಎಳೆಯುತ್ತಾನೆ.